ಇನ್ನೊಬ್ಬಳ ಫ್ರೇಮಿನಲ್ಲಿ ನನ್ನ ಗಂಡ

ನನ್ನ ಗಂಡನನ್ನು ಇನ್ನೊಬ್ಬ ಹೆಂಗಸಿನ ಫ್ರೇಮಿನಿಂದ ಬಿಡಿಸಿ ತಂದೇ ತರುತ್ತೇನೆ ಎಂದು ಯುಗಾದಿಯ ಮಾರನೆಯ ಬೆಳಿಗ್ಗೆ, ಹೊಸತೊಡಕಿನ ಮಸಾಲೆ ರುಬ್ಬುತ್ತಾ, ನಾನು ಭೀಷಣ ಪ್ರತಿಜ್ಞೆ ಮಾಡಿದೆ. ಮಿಕ್ಸಿ ಗರಗರ ಎನ್ನುತ್ತಿದ್ದರಿಂದ ಆ ಪ್ರತಿಜ್ಞೆ ಯಾರಿಗೂ ಕೇಳಿಸಲಿಲ್ಲ. ಓದುಗರು ಮಾತ್ರ ಅವಸರಪಟ್ಟು 'ಫ್ರೇಮ್' ಎಂಬುದನ್ನು 'ಪ್ರೇಮ' ಎಂದು ಓದಿಕೊಳ್ಳಬಾರದು. ಆ ತಪ್ಪು ಮಾಡುವವರು ನಮ್ಮ ಮನೆತನದಲ್ಲೇ ಇದ್ದಾರೆ. ಅವರು ಸ್ವಲ್ಪ ಹೊತ್ತಿನಲ್ಲಿ ಬಸ್ಸಿಳಿದು ಬರುತ್ತಾರೆ.

ವಿಷಯ ಇಷ್ಟೇ. ನಮ್ಮ ಯಜಮಾನರು ಭಾನುಪ್ರಕಾಶ್ ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಅದೇ ಕಚೇರಿಯಲ್ಲಿ ಪಲ್ಲವಿ ಎಂಬ ಎಫ್‌ಡಿಎ ಇದ್ದಾಳೆ. ಫೈಲು ಸರಿಸುವುದರಲ್ಲಿ ಹೇಗೋ ನನಗೆ ತಿಳಿಯದು, ಫೋಟೋಗೆ ಫ್ರೇಮ್ ಹಾಕುವುದರಲ್ಲಿ ಅವಳದು ಎತ್ತಿದ ಕೈ. ಹಬ್ಬ ಹತ್ತಿರ ಬಂದರೆ ಸಾಕು, ಕಂಪ್ಯೂಟರಿನಲ್ಲಿ ಅಂದವಾದ ಒಂದು ಅಂಚು ತಯಾರಿಸಿ, ನಡುವೆ ಕಿಂಡಿ ಬಿಟ್ಟು, ಆಫೀಸಿನ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾಳೆ. ಎಲ್ಲರೂ ಆ ಕಿಂಡಿಯಲ್ಲಿ ತಮ್ಮ ತಮ್ಮ ಮುಖ ತೂರಿಸಿ ಡಿಪಿ ಮಾಡಿಕೊಳ್ಳುತ್ತಾರೆ. ಸಂಕ್ರಾಂತಿಗೆ ಕಬ್ಬು, ಶಿವರಾತ್ರಿಗೆ ಬಿಲ್ವಪತ್ರೆ, ಯುಗಾದಿಗೆ ಬೇವು. ನಮ್ಮವರ ಮುಖದ ಸುತ್ತ ಕಾಲಕಾಲಕ್ಕೆ ಬೆಳೆ ಬದಲಾಗುತ್ತಿತ್ತು.

ಅದಕ್ಕೂ ನನ್ನ ತಕರಾರಿಲ್ಲ. ಆದರೆ ಪ್ರತಿ ಫ್ರೇಮಿನಲ್ಲೂ, ಸರಿಯಾಗಿ ಇವರ ಗದ್ದದ ಕೆಳಗೆ, ಬಳುಕುವ ಅಕ್ಷರಗಳಲ್ಲಿ 'ಪಲ್ಲವಿ' ಎಂದು ಸಹಿ! ಇಪ್ಪತ್ತು ವರ್ಷದಿಂದ ಉಪ್ಪಿಟ್ಟು ಬೇಯಿಸಿ ಆ ಗದ್ದವನ್ನು ದುಂಡಗೆ ಮಾಡಿದವಳು ನಾನು, ಅದರ ಕೆಳಗೆ ಬೋರ್ಡು ಅವಳದು. ಮನೆಗೆ ಬಂದರೂ ಅದೇ ಮಾತು. ಬೇವಿನ ಎಲೆಗೆ ಪಲ್ಲವಿ ಎಂಥ ನೆರಳು ಕೊಟ್ಟಿದ್ದಾಳೆ, ಬಿಲ್ವಪತ್ರೆಯ ಮೇಲೆ ಪಲ್ಲವಿ ಎಂಥ ಹನಿ ಕೂರಿಸಿದ್ದಾಳೆ. ಪಲ್ಲವಿ ಇವರ ಬಾಯಲ್ಲಿ ನಿಜಕ್ಕೂ ಪಲ್ಲವಿಯೇ ಆಗಿ, ನಾನು ಚರಣಕ್ಕೆ ಇಳಿದಿದ್ದೆ. ಚರಣವೆಂದರೆ ಗೊತ್ತಲ್ಲ, ಕಾಲು.

ಇದನ್ನು ಹೊಟ್ಟೆಕಿಚ್ಚು ಎಂದು ಯಾರೂ ಕರೆಯಕೂಡದು. ಹೊಟ್ಟೆಯಲ್ಲಿ ಉರಿ ಇದ್ದದ್ದು ನಿಜ, ಆದರೆ ಅದಕ್ಕೆ ಗ್ಯಾಸ್ಟ್ರಿಕ್ ಎಂಬ ಮರ್ಯಾದಸ್ಥ ಹೆಸರಿದೆ.

"ರೀ, ಈ ಫ್ರೇಮ್ ಮಾಡೋದು ಅಂಥಾ ಬ್ರಹ್ಮವಿದ್ಯೆನಾ?" ಎಂದು ಊಟಕ್ಕೆ ಬಡಿಸುತ್ತಾ ಕೇಳಿದೆ.

"ವಿದ್ಯೆ ಏನಿಲ್ಲ ಕಣೇ. ಟೇಸ್ಟ್ ಬೇಕು ಅಷ್ಟೇ" ಎಂದರು, ನನ್ನ ಸಾರನ್ನು ಎರಡನೇ ಸಲ ಸುರಿಸಿಕೊಳ್ಳುತ್ತಾ.

ಟೇಸ್ಟ್! ಸಾರಿನ ಸೌಟು ನನ್ನ ಕೈಯಲ್ಲಿ ಒಂದು ಗಳಿಗೆ ಗದೆಯಾಯಿತು. ಮರುಗಳಿಗೆ ಅದನ್ನು ಇಳಿಸಿ ಘೋಷಿಸಿದೆ: ಬರಲಿರುವ ನಮ್ಮ ಮದುವೆಯ ವಾರ್ಷಿಕೋತ್ಸವದ ದಿನ ನಿಮ್ಮ ಡಿಪಿ ನನ್ನ ಫ್ರೇಮಿನಲ್ಲಿರುತ್ತದೆ, ಇಲ್ಲದಿದ್ದರೆ ನನ್ನ ಹೆಸರು ನೇತ್ರಾವತಿಯಲ್ಲ. ಹೆಸರಿನಲ್ಲೇ ಕಣ್ಣಿಟ್ಟುಕೊಂಡವಳು ಗಂಡನ ಮೇಲೆ ಕಣ್ಣಿಡದೆ ಹೋದರೆ ಹೇಗೆ?

ಬಿಟ್ಟಿ ಸಿಗುವ ಒಂದು ಫೋಟೋ ಎಡಿಟಿಂಗ್ ಸಾಫ್ಟ್‌ವೇರನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡೆ. ಯೂಟ್ಯೂಬಿನಲ್ಲಿ ಪಾಠ ಹೇಳುವ ಗುರು ಇಂಗ್ಲಿಷನ್ನು ಮೂಗಿನಿಂದ ಮಾತಾಡುವ ಜಾತಿ. ಆದರೇನು, ನಾನು ಕಾನ್ವೆಂಟಿನವಳು. 'ಎಫ್' ಎನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಲೇಬೇಕು ಎಂದು ಸಿಸ್ಟರ್‌ಗಳು ನಮ್ಮನ್ನು ಸಾಲಾಗಿ ನಿಲ್ಲಿಸಿ ತುಟಿ ಕಚ್ಚಿಸಿದ್ದಾರೆ. ಅಷ್ಟು ಕಷ್ಟಪಟ್ಟು ಕಲಿತ ಇಂಗ್ಲಿಷು ಇಷ್ಟು ವರ್ಷ ಬರೀ ಶಾಂಪೂ ಬಾಟಲಿಯ ಹಿಂಭಾಗ ಓದಲು ಬಳಕೆಯಾಗುತ್ತಿತ್ತು. ಈಗ ಅದಕ್ಕೂ ಮುಕ್ತಿ ಸಿಕ್ಕಿತು.

ಫ್ರೇಮ್ ಎಂದರೆ ಚಿರೋಟಿಯಂತೆ ಪದರ ಪದರ ಎಂದು ಗುರು ಹೇಳಿದ. ಚಿರೋಟಿ ಎಂಬ ಪದ ಅವನದಲ್ಲ, ನನ್ನದು. ಅವನು ಲೇಯರ್ ಎಂದ. ಮೇಲಿನ ಪದರದಲ್ಲಿ ಅಂಚು, ಅದರ ನಡುವೆ ಅಳಿಸಿ ಮಾಡಿದ ಕಿಂಡಿ, ಕೆಳಗಿನ ಪದರದಲ್ಲಿ ಫೋಟೋ. ಅಂಚನ್ನು ಒಮ್ಮೆ ಮಾಡಿಟ್ಟರೆ ಸಾಕು, ಕೆಳಗೆ ಯಾರ ಮುಖ ಬೇಕಾದರೂ ಬದಲಿಸುತ್ತಾ ಹೋಗಬಹುದು. ಅದಕ್ಕೇ ಅದು ರೀಯೂಸಬಲ್. ಕಿಂಡಿ ಅಳಿಸಿದಾಗ ಅಲ್ಲಿ ಬೂದು ಬಿಳುಪಿನ ಚೌಕಗಳು ಮೂಡಿದವು. ಯಾರದೋ ಬಚ್ಚಲುಮನೆಯ ಟೈಲ್ಸ್ ಬಂದು ಕೂತಿದೆಯೆಂದು ಒಂದಿಡೀ ಮಧ್ಯಾಹ್ನ ಅದನ್ನು ಉಜ್ಜಿ ಉಜ್ಜಿ ತೆಗೆಯಲು ನೋಡಿದೆ. ಆ ಚೌಕಗಳ ಅರ್ಥ 'ಇಲ್ಲಿ ಏನೂ ಇಲ್ಲ' ಎಂದು ಆಮೇಲೆ ಗೊತ್ತಾಯಿತು. ಏನೂ ಇಲ್ಲ ಎಂದು ಹೇಳುವುದಕ್ಕೆ ಇಷ್ಟೊಂದು ಹಾಕಬೇಕೇ? ನಮ್ಮವರ ಆಫೀಸಿನ ವರದಿಗಳ ನೆನಪಾಯಿತು.

ಮೊದಲ ಫ್ರೇಮನ್ನು ಜೆಪೆಗ್ ಮಾಡಿ ಸೇವ್ ಮಾಡಿದೆ. ಜೆಪೆಗ್‌ಗೆ ಕಿಂಡಿ ಎಂದರೆ ಆಗದು, ಕಂಡಲ್ಲೆಲ್ಲ ಬಿಳಿ ತುಂಬಿಬಿಡುತ್ತದೆ ಎಂದು ನನಗೇನು ಗೊತ್ತು? ಇವರ ಫೋಟೋದ ಮೇಲೆ ಅದನ್ನು ಹೊದಿಸಿದರೆ ಇವರು ಮಾಯ! ಸುತ್ತ ಸಾಲಂಕೃತ ಅಂಚು, ನಡುವೆ ಸುಣ್ಣ ಬಳಿದ ಗೋಡೆ.

"ಹಾಳಾದ ಜೆಪೆಗ್ ನೋಡಿ" ಎಂದು ಗೊಣಗಿದೆ.

ಪೇಪರಿನಿಂದ ಇವರ ತಲೆ ಮೇಲೆದ್ದಿತು. "ಯಾವ ಪೆಗ್?"

ಪಿಎನ್‌ಜಿ ಮಾಡಿದರೆ ಮಾತ್ರ ಕಿಂಡಿ ಕಿಂಡಿಯಾಗಿಯೇ ಉಳಿಯುತ್ತದೆ ಎಂಬ ಜ್ಞಾನೋದಯವಾದ ಮೇಲೆ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಅಂಚಿಗೆ ಬೇವು, ಬಿಲ್ವ ಎಂದು ಪಲ್ಲವಿ ಎಲೆ ತರಿಯುತ್ತಾ ಕೂತಿರಲಿ, ನಾನು ಹೊಂಬಾಳೆಗೇ ಕೈ ಹಾಕಿದೆ. ಗುಬ್ಬಿಯ ಹತ್ತಿರ ನಮ್ಮ ಅತ್ತೆಯವರ ತೆಂಗಿನ ತೋಟವಿದೆ. ಅಲ್ಲಿ ಆಗಷ್ಟೇ ಬಿರಿದಿದ್ದ ಬಂಗಾರದ ಬಣ್ಣದ ಒಂದು ಹೊಂಬಾಳೆಯ ಫೋಟೋ ನನ್ನ ಬಳಿ ಇತ್ತು. ಅದರ ಒಂದೊಂದು ಎಳೆಯನ್ನೂ ಮೌಸಿನಿಂದ ಕತ್ತರಿಸಿ, ಎಡಕ್ಕೊಂದು ಬಲಕ್ಕೊಂದು ತಿರುವಿ ನಿಲ್ಲಿಸಿದಾಗ ಸಾಕ್ಷಾತ್ ಮದುವೆ ಚಪ್ಪರವೇ ಎದ್ದು ನಿಂತಿತು. ನಡುವೆ ಎರಡು ಅಂಡಾಕಾರದ ಕಿಂಡಿಗಳು. ಎಡದ್ದು ಇವರಿಗೆ, ಬಲದ್ದು ನನಗೆ. ಕೆಳಗೆ 'ಜನ್ಮ ಜನ್ಮದ ಜೋಡಿ' ಎಂಬ ಸಾಲು. ಅದರ ಕೆಳಗೆ 'ನೇತ್ರಾವತಿ' ಎಂಬ ಸಹಿ. ಪಲ್ಲವಿಯ ಸಹಿಯ ಅಳತೆ ತೆಗೆದು, ಅದಕ್ಕಿಂತ ದಪ್ಪ ಇರುವಂತೆ ನೋಡಿಕೊಂಡೆ.

ಎಡದ ಕಿಂಡಿಯಲ್ಲಿ ಇವರ ಫೋಟೋ ಕೂರಿಸಿದ ಕೂಡಲೇ ನನ್ನ ತಲೆಯಲ್ಲಿ ಒಂದು ಸಂಶಯ ಮಿಸುಕಿತು. ಬೇರೆ ಪದರದಲ್ಲಿರುವ ಗಂಡ ಎಂದಿದ್ದರೂ ಅಪಾಯವೇ. ಯಾರು ಬೇಕಾದರೂ ಎತ್ತಿಕೊಂಡು ಹೋಗಿ ತಮ್ಮ ಬೇವಿನ ಸೊಪ್ಪಿನೊಳಗೆ ಕೂರಿಸಿಕೊಳ್ಳಬಹುದು. ಅದಕ್ಕೆ ಗುರು ಒಂದು ಮದ್ದು ಹೇಳಿದ್ದ: ಮರ್ಜ್. ಒತ್ತಿದೆ. ಇವರ ಪದರವೂ ಹೊಂಬಾಳೆಯ ಪದರವೂ ಒಂದಾಗಿಹೋದವು. ಇನ್ನು ಯಾರು ಜಗ್ಗಿದರೂ ಇವರು ಬರುವುದಿಲ್ಲ. ಮಂಟಪದಲ್ಲಿ ಸಪ್ತಪದಿ ತುಳಿದು ಆಗದ ಕೆಲಸ ಒಂದು ಕ್ಲಿಕ್ಕಿನಲ್ಲಿ ಆಯಿತು! ಬಲಗಡೆಯ ಕಿಂಡಿಯನ್ನು ಮಾತ್ರ ಖಾಲಿ ಉಳಿಸಿದೆ. ಸೀರೆಗೊಂದರಂತೆ ನನ್ನ ಫೋಟೋ ಬದಲಿಸುತ್ತಾ ಹೋಗಬಹುದಲ್ಲ. ಗಂಡ ಸ್ಥಿರಾಸ್ತಿ, ನಾನು ಚರಾಸ್ತಿ.

ಆದರೆ ಕಿಂಡಿಗೆ ಯೋಗ್ಯವಾದ ನನ್ನ ಫೋಟೋ ಒಂದೂ ಇರಲಿಲ್ಲ. ಒಂದರಲ್ಲಿ ಕಣ್ಣು ಮುಚ್ಚಿದ್ದೆ, ಒಂದರಲ್ಲಿ ಬಾಯಿ ಮುಚ್ಚಿರಲಿಲ್ಲ. ಹುಬ್ಬು ತಿದ್ದಿಸಿಕೊಂಡು ಸ್ಟುಡಿಯೋದಲ್ಲೇ ತೆಗೆಸಿಬಿಡೋಣವೆಂದು ಕ್ಯಾತ್ಸಂದ್ರದ ನಮ್ಮ ಮನೆಯಿಂದ ಬಟವಾಡಿಯ ಬ್ಯೂಟಿ ಪಾರ್ಲರಿಗೆ ಹೊರಟೆ. ಹೊರಡುವ ಮೊದಲು, ಇವರು ನೋಡಿ ಬೆರಗಾಗಲಿ ಎಂದು, ಆ ಫ್ರೇಮನ್ನು ಇವರಿಗೆ ಕಳಿಸಿ ಕೆಳಗೆ ಬರೆದೆ: 'ಹೇಗಿದೆ? ರೀಯೂಸಬಲ್!'

ಆ ಒಂದು ಪದ ನನ್ನ ಸಂಸಾರದ ಮೇಲೆ ಬಿದ್ದ ಬಾಂಬು.

ಪಲ್ಲವಿ ತನ್ನ ಪ್ರತಿ ಫ್ರೇಮಿನ ಕೆಳಗೂ ಅದೇ ಪದ ಬರೆಯುತ್ತಿದ್ದಳಂತೆ. ಇವರ ಶಬ್ದಕೋಶದಲ್ಲಿ ರೀಯೂಸಬಲ್ ಎಂದರೆ 'ಗ್ರೂಪಿಗೆ ಹಾಕತಕ್ಕದ್ದು' ಎಂದೇ ಅರ್ಥ. ಹೆಂಡತಿಗೂ ಪಲ್ಲವಿಯಷ್ಟೇ ಹೆಸರು ಬರಲಿ ಎಂಬ ಉದಾರ ಮನಸ್ಸಿನಿಂದ ನಮ್ಮ ಮಹಾನುಭಾವರು ಅದನ್ನು ಆಫೀಸ್ ಗ್ರೂಪಿಗೆ ರವಾನಿಸಿದರು. ಒಕ್ಕಣೆ: 'ನಮ್ಮ ಮನೆಯವರ ಕೈಚಳಕ. ಸಿಬ್ಬಂದಿ ವರ್ಗದವರೆಲ್ಲರೂ ತಪ್ಪದೇ ಬಳಸಿಕೊಳ್ಳುವಂತೆ ಈ ಮೂಲಕ ಕೋರಿದೆ.'

ಸೂಪರಿಂಟೆಂಡೆಂಟ್ ಕೋರಿದರೆ ಅದು ಸುತ್ತೋಲೆ. ಸಿಬ್ಬಂದಿ ತಪ್ಪದೇ ಬಳಸಿಕೊಂಡರು.

ಪಾರ್ಲರಿನಲ್ಲಿ ನನ್ನ ಒಂದು ಹುಬ್ಬು ಮುಗಿದು, ದಾರ ಎರಡನೇ ಹುಬ್ಬಿನತ್ತ ಬರುತ್ತಿರುವಾಗ ಫೋನು ಗುಂಯ್ ಎಂದಿತು. ಇವರ ಸ್ಟೇಟಸ್ ತೆರೆದೆ. ನನ್ನ ಹೊಂಬಾಳೆಯ ಚಪ್ಪರದ ಕೆಳಗೆ, ಎಡಕ್ಕೆ ನನ್ನ ಗಂಡ, ಬಲಕ್ಕೆ ಅಟೆಂಡರ್ ಆಂಜನಪ್ಪ, ಗಿರಿಜಾ ಮೀಸೆ ಸಮೇತ. ಜನ್ಮ ಜನ್ಮದ ಜೋಡಿ! ಬೆರಳು ಸರಿಸಿದೆ. ನನ್ನ ಗಂಡನ ಪಕ್ಕ ಅವರ ಮೇಲಧಿಕಾರಿ ಅನಂತರಾಜು ಸಾಹೇಬರು, ಕೂಲಿಂಗ್ ಗ್ಲಾಸ್ ಧರಿಸಿ. ಮತ್ತೆ ಸರಿಸಿದೆ. ಡ್ರೈವರು. ಟಪಾಲು ಗುಮಾಸ್ತರು. ಹೆಂಡತಿಯ ಕಲೆಗೆ ಬಂದ ಈ ಸ್ವಾಗತದಿಂದ ಉಬ್ಬಿಹೋದ ಇವರು, ಬಂದ ಒಂದೊಂದನ್ನೂ ತಮ್ಮ ಸ್ಟೇಟಸ್ಸಿಗೆ ಏರಿಸುತ್ತಿದ್ದರು.

ಅಷ್ಟೇ ಆಗಿದ್ದರೆ ನಗಬಹುದಿತ್ತು. ಮತ್ತೊಮ್ಮೆ ಬೆರಳು ಸರಿಸಿದೆ. ಪಲ್ಲವಿ.

ಅವಳ ಮುಖ ಆ ಕಿಂಡಿಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಸೀರೆಯ ಬಣ್ಣ ನನ್ನ ಹೊಂಬಾಳೆಗೆ ಹೇಳಿ ಮಾಡಿಸಿದ ಜೋಡಿ. ಎರಡೂ ಹುಬ್ಬು ಒಂದೇ ಸಮ. ಇವರು ಅವಳತ್ತ ಸ್ವಲ್ಪ ವಾಲಿದಂತೆಯೂ ಕಂಡರು. ಹಾಗೆ ವಾಲಿಸಿ ಕೂರಿಸಿದ್ದು ನಾನೇ, ನನ್ನತ್ತ ವಾಲಲಿ ಎಂದು. ಕೆಳಗೆ 'ಜನ್ಮ ಜನ್ಮದ ಜೋಡಿ'. ಅದರ ಕೆಳಗೆ, ಗೆಜೆಟೆಡ್ ಅಧಿಕಾರಿ ದೃಢೀಕರಿಸಿದಂತೆ, ದಪ್ಪ ಅಕ್ಷರದಲ್ಲಿ ನನ್ನದೇ ಸಹಿ!

ಒಂದು ಹುಬ್ಬು ಹಾಗೇ ಬಿಟ್ಟು ಎದ್ದೆ. ಪಾರ್ಲರಿನ ಮೆಟ್ಟಿಲ ಮೇಲಿಂದಲೇ ಇವರಿಗೆ ಫೋನು ಮಾಡಿ, ಈ ಕ್ಷಣ ಎಲ್ಲವನ್ನೂ ತೆಗೆಯಿರಿ ಎಂದೆ. ಇವರಿಗೆ ಅರ್ಥವೇ ಆಗಲಿಲ್ಲ.

"ನೀನೇ ರೀಯೂಸಬಲ್ ಅಂದ್ಯಲ್ಲೇ?"

"ರೀಯೂಸಬಲ್ ಅಂದಿದ್ದು ಫ್ರೇಮು ರೀ. ನೀವಲ್ಲ."

ಪಕ್ಕದಲ್ಲಿ ಆಟೋಗೆ ಕಾಯುತ್ತಿದ್ದ ಹೆಂಗಸು ನನ್ನನ್ನೂ ನನ್ನ ಹುಬ್ಬನ್ನೂ ಬಹಳ ಅನುಕಂಪದಿಂದ ನೋಡಿದಳು.

ಆಟೋ ಹತ್ತುವಷ್ಟರಲ್ಲಿ ಪಲ್ಲವಿಯದೇ ಫೋನು ಬಂತು. ಇವರು ಅಲ್ಲಿ ಏನು ತೊದಲಿದರೋ, ಅವಳು ಪಾಪ, ಕ್ಷಮೆ ಕೇಳುತ್ತಿದ್ದಳು. ಎಡಗಡೆಗೆ ತನ್ನ ಗಂಡನ ಫೋಟೋ ಹಾಕಬೇಕೆಂದು ಎಷ್ಟೋ ಹೊತ್ತು ಒದ್ದಾಡಿದಳಂತೆ. ಆಗದೆ, ಸರ್ ಆರ್ಡರ್ ಮಾಡಿದ್ದಾರಲ್ಲ ಎಂದು ಇದ್ದ ಹಾಗೇ ಹಾಕಿದಳಂತೆ.

"ಏನ್ ಮಾಡಿದ್ರೂ ಸರ್ ಬರ್ಲೇ ಇಲ್ಲ ಮೇಡಂ. ನಿಮ್ಮ ಹೊಂಬಾಳೆಗೇ ಗಟ್ಟಿಯಾಗಿ ಅಂಟ್ಕೊಂಡ್ಬಿಟ್ಟಿದಾರೆ."

ಆಹಾ! ಆ ವಾಕ್ಯವನ್ನು ಇನ್ನೊಮ್ಮೆ ಹೇಳಿಸಿಕೊಳ್ಳೋಣ ಎನ್ನಿಸಿತು. ಸಿಗ್ನಲ್ ಸರಿಯಿಲ್ಲ ಎಂದು ಸುಳ್ಳು ಹೇಳಿ ಹೇಳಿಸಿಕೊಂಡೂಬಿಟ್ಟೆ. ಎಷ್ಟೋ ದಿನದ ನನ್ನ ಗ್ಯಾಸ್ಟ್ರಿಕ್ ಆ ಆಟೋದಲ್ಲೇ ವಾಸಿಯಾಯಿತು.

ವಾಸಿಯಾದ ಹೊಟ್ಟೆಯೊಂದಿಗೆ ಮನೆಯ ಬೀಗ ತೆಗೆಯುತ್ತಿರುವಾಗ ಮೂರನೆಯ ಫೋನು ಬಂತು. ಗುಬ್ಬಿಯಿಂದ ನಮ್ಮ ಅತ್ತೆ ಹನುಮಕ್ಕನವರು. ಆಗಿದ್ದಿಷ್ಟು: ಕುಣಿಗಲ್‌ನಲ್ಲಿರುವ ನನ್ನ ನಾದಿನಿ ಬಿಂದುಶ್ರೀ ಅಣ್ಣನ ಸ್ಟೇಟಸ್ ನೋಡಿದ್ದಾಳೆ. ಆಂಜನಪ್ಪನನ್ನೂ ಸಾಹೇಬರನ್ನೂ ಬಿಟ್ಟು, ಪಲ್ಲವಿಯೊಬ್ಬಳನ್ನೇ ಹೆಕ್ಕಿ ತಾಯಿಗೆ ಕಳಿಸಿದ್ದಾಳೆ. ನಮ್ಮ ಅತ್ತೆ ಬಹಳ ದೊಡ್ಡ ಮನುಷ್ಯರು. ಆದರೆ ಯಾವ ಸಿಸ್ಟರೂ ಅವರ ತುಟಿ ಕಚ್ಚಿಸಿಲ್ಲ. ಅವರ ಬಾಯಲ್ಲಿ ಫ್ಯಾನು ಪ್ಯಾನು, ಫೋನು ಪೋನು.

"ಏನವ್ವ ನೇತ್ರ, ಭಾನು ಯಾವ್ಳೋ ಹೆಣ್ಣಿನ್ ಪಕ್ಕ ಕುಂತವ್ನಲ್ಲ, ಹೊಂಬಾಳೆ ಕಟ್ಟಿ. ಏನದು?"

"ಅಯ್ಯೋ, ಅದು ಬರೀ ಫ್ರೇಮ್ ಅತ್ತೆ."

"ಬರೀ ಪ್ರೇಮು ಅಂತೀಯಲ್ಲವ್ವ. ಇನ್ನೇನಾಗ್ಬೇಕಿತ್ತು?"

"ಹಾಗಲ್ಲ ಅತ್ತೆ. ಆಫೀಸಲ್ಲಿ ಎಲ್ಲರ ಜೊತೇನೂ ಇದೆ. ಸಾಹೇಬರ ಜೊತೆ, ಡ್ರೈವರ್ ಜೊತೆ..."

"ಗಂಡಸ್ರ ಜೊತೇನೂವಾ?"

ಕಾನ್ವೆಂಟಿನಲ್ಲಿ ಕಲಿತ ಸ್ಪಷ್ಟ ಉಚ್ಚಾರಣೆಯಿಂದ, ತುಟಿ ಕಚ್ಚಿ, ಒತ್ತಿ ಒತ್ತಿ ಹೇಳಿದೆ. "ಅತ್ತೆ, ಆ ಫ್ರೇಮ್ ಮಾಡಿದ್ದೇ ನಾನು. ನಾನೇ ಮಾಡಿ ಇವರಿಗೆ ಕಳಿಸಿದ್ದು."

"ಆ ಪ್ರೇಮು ನೀನೇ ಮಾಡ್ಸಿ, ನೀನೇ ಕಳ್ಸಿದ್ಯಾ?" ಎಂದರು ಅತ್ತೆ. ಆಮೇಲೆ ಬಹಳ ಮೆಲ್ಲಗೆ, "ಇರವ್ವ, ಬಂದೆ" ಎಂದು ಫೋನಿಟ್ಟರು.

ಗುಬ್ಬಿಯಿಂದ ತುಮಕೂರಿಗೆ ಬಸ್ಸುಗಳು ಬಹಳ. ಇವರು ಆಫೀಸಿನಿಂದ ಬಂದು ಬೂಟು ಬಿಚ್ಚುವುದಕ್ಕೂ, ಅತ್ತೆ ಅರ್ಧ ಚೀಲ ತೆಂಗಿನಕಾಯಿಯೊಂದಿಗೆ ಆಟೋ ಇಳಿಯುವುದಕ್ಕೂ ಸರಿಹೋಯಿತು. ನೀರು ಕೊಟ್ಟರೆ ಕುಡಿಯಲಿಲ್ಲ. ಮಗನನ್ನು ಮೇಲಿಂದ ಕೆಳಗೆ ನೋಡಿ, "ಏನ್ಲಾ ಭಾನು, ವಯಸ್ಸೆಷ್ಟ್ಲಾ ನಿಂಗೆ" ಎಂದರು. ಜಿಲ್ಲಾ ಮಟ್ಟದ ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡುವ ನನ್ನ ಗಂಡ ಕಾಲುಚೀಲ ಹಿಡಿದುಕೊಂಡು ನಿಂತರು.

ಹೆಣ್ಣು ಕೊಟ್ಟವರಿಗೆ ಏನು ಹೇಳುವುದು ಎನ್ನುವಲ್ಲಿಗೆ ಮಾತು ಬಂದಾಗ ನಾನು ಅತ್ತೆಯವರ ಕೈ ಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿದೆ. ಪದರ, ಅಂಚು, ಕಿಂಡಿ, ಎಲ್ಲವನ್ನೂ ತೋರಿಸಿದೆ. ಗೋಡೆಯ ಮೇಲಿನ ದೇವರ ಪಟ ತೋರಿಸಿ, ಅದರ ಕಟ್ಟು ಇದೆಯಲ್ಲ, ಅದೇ ಇದು ಎಂದೆ.

"ಪಟಕ್ಕೆ ಕಟ್ಟಾಕ್ಸೋ ಪ್ರೇಮಾ ಇದು? ಅಂಗಂತ ಮೊದ್ಲೇ ಯೋಳಕೇನಾಗಿತ್ತು" ಎಂದರು. ಮುಖ ತಿಳಿಯಾಯಿತು. ಮಗನಿಗೆ ಕಾಲುಚೀಲ ಕೆಳಗಿಡಲು ಅಪ್ಪಣೆ ಸಿಕ್ಕಿತು. ತಮ್ಮ ತೋಟದ ಹೊಂಬಾಳೆಯನ್ನು ಗುರುತಿಸಿ, ಬಾವಿ ಪಕ್ಕದ ಮರದ್ದಲ್ಲವೇ ಎಂದು ಕೇಳಿ ಹಿಗ್ಗಿದರು. ಆಮೇಲೆ ಅವರ ಬೆರಳು ಬಲಗಡೆಯ ಚೌಕಗಳ ಮೇಲೆ ಬಂದು ನಿಂತಿತು.

"ಇದ್ಯಾಕೆ ಖಾಲಿ?"

"ಅದು ನನ್ನ ಜಾಗ ಅತ್ತೆ. ಒಳ್ಳೇ ಫೋಟೋ ಇರಲಿಲ್ಲ, ತೆಗೆಸಿ ಹಾಕೋಣ ಅಂತ..."

ಅತ್ತೆ ನನ್ನ ಮುಖ ನೋಡಿದರು. ಗದ್ದೆ ಬದುವಿನಂತಿದ್ದ ಎಡಹುಬ್ಬು ನೋಡಿದರು. ಗೀರಿನಂತಿದ್ದ ಬಲಹುಬ್ಬು ನೋಡಿದರು. ರಾಗಿಮುದ್ದೆ ಉಂಡು, ಆ ಪ್ರೇಮನ್ನು ತಮ್ಮ ಪೋನಿಗೂ ಹಾಕಿಕೊಡುವಂತೆ ಮಗನಿಗೆ ಹೇಳಿ, ರಾತ್ರಿಯ ಬಸ್ಸು ಹತ್ತಿದರು. ತಮ್ಮ ತೋಟದ ಹೊಂಬಾಳೆ ಎಂಬ ಅಭಿಮಾನ, ಪಾಪ, ಎಂದುಕೊಂಡೆ.

ಎರಡನೇ ಹುಬ್ಬನ್ನು ಸಮ ಮಾಡಿಸಿಕೊಂಡೆ. ಮೈಸೂರು ಸಿಲ್ಕ್ ಉಟ್ಟು ಫೋಟೋ ತೆಗೆಸಿದೆ. ಸ್ಟುಡಿಯೋದವನು ಎರಡು ಸಲ ನಗಿಸಿ ಮೂರನೇ ಸಲ ಒಪ್ಪಿದ. ವಾರ್ಷಿಕೋತ್ಸವದ ಬೆಳಿಗ್ಗೆ ಸ್ನಾನ ಮಾಡಿ, ದೀಪ ಹಚ್ಚಿ, ವಿಜಯಯಾತ್ರೆಗೆ ಹೊರಟವಳಂತೆ ಫೋನು ಕೈಗೆತ್ತಿಕೊಂಡೆ. ಇವರ ಡಿಪಿ ಆಗಲೇ ಬದಲಾಗಿತ್ತು.

ಬೇವು ಹೋಗಿತ್ತು. ನನ್ನ ಹೊಂಬಾಳೆ ಬಂದಿತ್ತು. ಗದ್ದದ ಕೆಳಗೆ 'ನೇತ್ರಾವತಿ' ಎಂದಿತ್ತು. ನಾನು ಮಾಡಿದ ಪ್ರತಿಜ್ಞೆ ಅಕ್ಷರಶಃ ನೆರವೇರಿತ್ತು! ಎಡಕ್ಕೆ ನನ್ನ ಗಂಡ. ಬಲಗಡೆಯ ಕಿಂಡಿಯಲ್ಲಿ, ತಲೆಯ ಮೇಲೆ ಸೆರಗು ಹೊದ್ದು, ಕಾಸಿನಗಲ ಕುಂಕುಮವಿಟ್ಟು, ಗುಬ್ಬಿಯ ಸ್ಟುಡಿಯೋದವನ ಕೈಯಲ್ಲಿ ಅಚ್ಚುಕಟ್ಟಾಗಿ ಕೂರಿಸಿಕೊಂಡ ನಮ್ಮ ಅತ್ತೆ. ಜನ್ಮ ಜನ್ಮದ ಜೋಡಿ.

"ಅವ್ವ ಕಳಿಸಿದ್ದು ಕಣೇ, ಹಾಕ್ದೆ ಇರಕ್ಕಾಗತ್ತಾ?" ಎಂದು ಇವರು ಬಾತ್‌ರೂಮಿನೊಳಗಿಂದಲೇ ಹೇಳಿದರು. ಹೊರಗೆ ಬರುವ ಧೈರ್ಯ ಇರಲಿಲ್ಲ. ಆಫೀಸ್ ಗ್ರೂಪಿನಲ್ಲಿ ಅನಂತರಾಜು ಸಾಹೇಬರು ಕಣ್ಣೀರು ಸುರಿಸುವ ಮೂರು ಮುಖಗಳನ್ನು ಹಾಕಿ, ಅತ್ತೆಗೆ ಇಂಥ ಫ್ರೇಮ್ ಮಾಡಿಕೊಡುವ ಸೊಸೆ ಸಿಗಲು ಪುಣ್ಯ ಮಾಡಿರಬೇಕು ಎಂದು ಬರೆದಿದ್ದರು. ಇನ್ನು ನಾನು ತೆಗೆಸುವಂತೆಯೂ ಇರಲಿಲ್ಲ.

ಹಬ್ಬದ ಶುಭಾಶಯ ಹೇಳುವ ದನಿಯಲ್ಲಿ ಅತ್ತೆಯವರಿಗೆ ಫೋನು ಮಾಡಿದೆ. ಅವರು ಬಹಳ ಸಮಾಧಾನದಲ್ಲಿದ್ದರು.

"ಖಾಲಿ ಬುಟ್ರೆ ಕಂಡೋರೆಲ್ಲ ಬಂದು ಕುಂತ್ಕತಾರೆ ಕಣವ್ವ. ಅದ್ಕೇ ನಾನೇ ಕುಂತ್ಬುಟ್ಟೆ. ಇನ್ಮೇಲೆ ಆ ಜಾಗಕ್ಕೆ ಯಾವ್ಳೂ ಬರಕಾಗಕಿಲ್ಲ ಬುಡು, ನೀನು ನಿಶ್ಚಿಂತೆಯಾಗಿರು."

ನಿಶ್ಚಿಂತೆಯಾಗಿ ಹದಿನೈದು ನಿಮಿಷ ಸೋಫಾದ ಮೇಲೆ ಕೂತಿದ್ದೆ, ಮೈಸೂರು ಸಿಲ್ಕಿನ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು. ಆಮೇಲೆ ಮಾನ, ಅಭಿಮಾನ, ಗ್ಯಾಸ್ಟ್ರಿಕ್ ಎಲ್ಲವನ್ನೂ ನುಂಗಿ ಪಲ್ಲವಿಗೆ ಬರೆದೆ: 'ದಯವಿಟ್ಟು ಒಂದು ಉಪಕಾರ ಮಾಡಿ. ಇವರನ್ನು ಹೇಗಾದರೂ ಇಲ್ಲಿಂದ ಬಿಡಿಸಿ, ಮೊದಲಿನ ಹಾಗೆ ನಿಮ್ಮ ಫ್ರೇಮಿಗೇ ಹಾಕಿಕೊಳ್ಳಿ.'

ಹುಡುಗಿ ಒಳ್ಳೆಯವಳು. ನಿಜವಾಗಿಯೂ ಪ್ರಯತ್ನಪಟ್ಟಿರಬೇಕು, ಉತ್ತರ ಬರಲು ಬಹಳ ಹೊತ್ತಾಯಿತು.

'ಆಗ್ತಿಲ್ಲ ಮೇಡಂ. ಸ್ಟುಡಿಯೋದವರು ಎಲ್ಲಾ ಸೇರಿಸಿ ಮರ್ಜ್ ಮಾಡ್ಬಿಟ್ಟಿದಾರೆ. ಸರ್ ಒಬ್ಬರೇ ಬರ್ತಿಲ್ಲ, ಎಳೆದ್ರೆ ಅಮ್ಮನೂ ಜೊತೆಗೇ ಬರ್ತಾರೆ.'